ಅಂಗೈ ಕಂಪ್ಯೂಟರಿಗೆ ಕನ್ನಡ ಕಲಿಸಿದವರು

ಕಬ್ಬಿನ ಬಿಲ್ ಬ್ಯಾಂಕಿಗೆ ಜಮೆಯಾಯಿತೇ ಎಂದು ನೋಡಬೇಕೆ? ಮಗಳ ಪರೀಕ್ಷೆಯ ಫಲಿತಾಂಶ ತಿಳಿಯಬೇಕೆ? ಹೊಲದ ಉತಾರ ಬೇಕೆ? ಜಮಖಂಡಿ ತಾಲ್ಲೂಕಿನ ಹುನ್ನೂರದಲ್ಲಾಗಲಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಲಿನ ಹಳ್ಳಿಗಳಲ್ಲಾಗಲಿ ಇಂದು ಕೈ ಮೊದಲು ಹೋಗುವುದು ಜೇಬಿನಲ್ಲಿರುವ ಮೊಬೈಲಿಗೆ. ಒಂದೊಂದು ಕೆಲಸಕ್ಕೂ ಒಂದೊಂದು ‘ಆಪ್’. ಇವನ್ನು ಬಳಸುತ್ತ ಬೆಳೆದ ಮಕ್ಕಳಿಗೆ ಈಗ ‘ನಾವೂ ಒಂದು ಆಪ್ ಮಾಡಬೇಕು’ ಎಂಬ ಆಸೆ ಹುಟ್ಟಿದೆ. ತಂದೆತಾಯಿಯರಿಗೆ ಮಾತ್ರ ಇದು ಬೆಂಗಳೂರಿನವರ, ಇಂಗ್ಲಿಷ್ ಬಲ್ಲವರ, ದುಡ್ಡಿದ್ದವರ ವಿದ್ಯೆ ಎಂಬ ಅಳುಕು.

ಈ ಆಸೆ, ಈ ಅಳುಕು ಎರಡಕ್ಕೂ ಉತ್ತರ ಕೊಡಬಲ್ಲ ಕಥೆಯೊಂದು ನಮ್ಮ ನಾಡಿನಲ್ಲೇ ನಡೆದಿದೆ. ಐಫೋನ್ ಮಾರುಕಟ್ಟೆಗೆ ಬರುವುದಕ್ಕೆ ವರ್ಷಗಳ ಮೊದಲೇ ಬೆಂಗಳೂರಿನಲ್ಲಿ ಅಂಗೈ ಮೇಲೆ ಕೂರುವ, ಕನ್ನಡದಲ್ಲಿ ಮಾತನಾಡುವ ಕಂಪ್ಯೂಟರೊಂದು ಸಿದ್ಧವಾಗಿತ್ತು. ಅದರ ಹೆಸರು ಸಿಂಪ್ಯೂಟರ್. ಅದರ ಮೂಲ ಇದ್ದದ್ದು ಒಂದು ಸಮ್ಮೇಳನದ ಚರ್ಚೆಯಲ್ಲಿ.

ಸಂಕಿರಣದಲ್ಲಿ ಎದ್ದ ಪ್ರಶ್ನೆ

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ‘ಐಟಿ ಡಾಟ್ ಕಾಂ’ ಮೇಳ ನಡೆಯಿತು. ಅದರ ಅಂಗವಾಗಿ, ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ಉಪಯೋಗವಾದೀತು ಎಂದು ಚರ್ಚಿಸಲು ‘ಜಾಗತಿಕ ಗ್ರಾಮ’ ಎಂಬ ಅಂತರರಾಷ್ಟ್ರೀಯ ವಿಚಾರ ಸಂಕಿರಣವನ್ನೂ ಏರ್ಪಡಿಸಲಾಗಿತ್ತು. ಆಗಿನ ಮೇಜಿನ ಕಂಪ್ಯೂಟರಿಗೆ ಹತ್ತಾರು ಸಾವಿರ ರೂಪಾಯಿ ಬೇಕು, ಎಡೆಬಿಡದ ವಿದ್ಯುತ್ ಬೇಕು, ಅದರ ಮುಂದೆ ಕೂತವನಿಗೆ ಇಂಗ್ಲಿಷ್ ಅಕ್ಷರ ಬರಬೇಕು. ಹೀಗಿರುವಾಗ ಓದು ಬಾರದ ರೈತನಿಗೆ, ನೇಕಾರನಿಗೆ ಈ ಯಂತ್ರದಿಂದ ಏನು ಲಾಭ? ಸಂಕಿರಣದಲ್ಲಿ ಎದ್ದ ಪ್ರಶ್ನೆ ಇದು. ಕಡಿಮೆ ಬೆಲೆಯ, ಹಲವರು ಹಂಚಿಕೊಂಡು ಬಳಸಬಲ್ಲ, ಜನರ ಭಾಷೆಯಲ್ಲೇ ವ್ಯವಹರಿಸುವ ಸಾಧನವೊಂದು ಬೇಕು ಎಂಬ ವಿಚಾರ ಅಲ್ಲಿಂದ ಮೂಡಿತು.

ಸಂಕಿರಣ ಮುಗಿದ ಮೇಲೆ ಊಟ ಮಾಡಿ, ಕೈಕುಲುಕಿ ಮನೆಗೆ ಹೋಗುವುದೇ ರೂಢಿ. ಆದರೆ ಕೆಲವರು ಹಾಗೆ ಮಾಡಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರು, ಒಟ್ಟು ಏಳು ಜನ, 1999ರ ನವೆಂಬರಿನಲ್ಲಿ ‘ಸಿಂಪ್ಯೂಟರ್ ಟ್ರಸ್ಟ್’ ಕಟ್ಟಿದರು. ಸರಳ, ಅಗ್ಗದ, ಬಹುಭಾಷಾ ಜನರ ಕಂಪ್ಯೂಟರ್ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಹುಟ್ಟಿದ ಹೆಸರು ‘ಸಿಂಪ್ಯೂಟರ್’. ಬೆಲೆ 9,000 ರೂಪಾಯಿಯ ಆಸುಪಾಸಿನಲ್ಲಿರಬೇಕು ಎಂಬುದು ಗುರಿ.

ಪುಟ್ಟ ಮೆದುಳು, ದೊಡ್ಡ ಕೆಲಸ

ಸಿಂಪ್ಯೂಟರಿನ ಹೊಟ್ಟೆಯಲ್ಲಿ ಏನಿತ್ತು? 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, 32 ಮೆಗಾಬೈಟ್ ಸ್ಮೃತಿ, ಕಡ್ಡಿಯಿಂದ ಮುಟ್ಟಿ ನಡೆಸುವ ಸಣ್ಣ ಪರದೆ. ಇಂದಿನ ಸಾಧಾರಣ ಮೊಬೈಲಿನಲ್ಲಿ 4 ಗಿಗಾಬೈಟ್ ಸ್ಮೃತಿ ಇರುತ್ತದೆ, ಅಂದರೆ ಸಿಂಪ್ಯೂಟರಿಗಿಂತ ನೂರಿಪ್ಪತ್ತು ಪಟ್ಟಿಗೂ ಹೆಚ್ಚು. ಇಷ್ಟು ಕಿರಿದಾದ ಜಾಗದಲ್ಲಿ ಯಂತ್ರಕ್ಕೆ ಮಾತು ಕಲಿಸುವುದು ಹೇಗೆ?

ಇಲ್ಲಿ ನೆರವಿಗೆ ಬಂದದ್ದು ನಮ್ಮ ಕಾಗುಣಿತ. ಇಂಗ್ಲಿಷಿನಲ್ಲಿ ಬರೆಯುವುದು ಒಂದು, ಓದುವುದು ಇನ್ನೊಂದು. ಕನ್ನಡದಲ್ಲಿ ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಆದ್ದರಿಂದ ಒಬ್ಬ ವ್ಯಕ್ತಿಯ ಧ್ವನಿಯಲ್ಲಿ ಮೂಲ ಉಚ್ಚಾರಗಳ ತುಣುಕುಗಳನ್ನು ಒಮ್ಮೆ ಮುದ್ರಿಸಿಟ್ಟುಕೊಂಡರೆ, ಅವನ್ನು ಅಕ್ಷರಕ್ಕೆ ತಕ್ಕಂತೆ ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಜೋಡಿಸಿ ಯಾವ ಪದವನ್ನಾದರೂ ನುಡಿಸಬಹುದು. ಹೂವು ಪೋಣಿಸಿ ಮಾಲೆ ಮಾಡಿದ ಹಾಗೆ. ರಮೇಶ್ ಹರಿಹರನ್ ರೂಪಿಸಿದ ಈ ತಂತ್ರಾಂಶಕ್ಕೆ ‘ಧ್ವನಿ’ ಎಂದೇ ಹೆಸರು. ಅಕ್ಷರ ಬಾರದವರೂ ಪರದೆಯ ಮೇಲಿನ ಚಿತ್ರ ಮುಟ್ಟಿ, ಕಿವಿಯಿಂದ ಕೇಳಿ ಮಾಹಿತಿ ಪಡೆಯಬಹುದಾಗಿತ್ತು.

ಇನ್ನೊಂದು ಉಪಾಯ ಸ್ಮಾರ್ಟ್ ಕಾರ್ಡಿನದು. ಮನೆಗೊಂದು ಯಂತ್ರ ಕೊಳ್ಳಲಾಗದಿದ್ದರೂ ಊರಿಗೊಂದು ಕೊಳ್ಳಬಹುದಲ್ಲವೇ? ಪ್ರತಿಯೊಬ್ಬರೂ ತಮ್ಮ ಲೆಕ್ಕಪತ್ರವಿರುವ ಕಾರ್ಡನ್ನು ಮಾತ್ರ ಇಟ್ಟುಕೊಂಡು, ಬೇಕಾದಾಗ ಊರಿನ ಯಂತ್ರದೊಳಗೆ ತೂರಿಸಿದರೆ ಅಷ್ಟು ಹೊತ್ತು ಅದು ಅವರದೇ ಕಂಪ್ಯೂಟರ್. ಕಾರ್ಯಾಚರಣೆಯ ತಂತ್ರಾಂಶಕ್ಕೆ ಯಾರಿಗೂ ಹಣ ಕೊಡಬೇಕಿಲ್ಲದ ಲಿನಕ್ಸ್. 2001ರಲ್ಲಿ ಮಾದರಿ ಹೊರಬಂದಾಗ ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಾರದ ಸಂಚಿಕೆಯಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಇದನ್ನು ಆ ವರ್ಷದ ಅತ್ಯಂತ ಮಹತ್ವದ ಕಂಪ್ಯೂಟರ್ ಆವಿಷ್ಕಾರವೆಂದು ಎತ್ತಿ ಹೇಳಿದರು.

ಮಾರುಕಟ್ಟೆಯ ಪಾಠ

2004ರ ಏಪ್ರಿಲಿನಲ್ಲಿ ‘ಅಮಿಡಾ ಸಿಂಪ್ಯೂಟರ್’ ಮಾರಾಟಕ್ಕೆ ಬಂತು. ಪಿಕೋಪೆಟಾ ಎಂಬ ಕಂಪನಿ ರೂಪಿಸಿದ ಇದನ್ನು ತಯಾರಿಸಿದ್ದು ಸರ್ಕಾರಿ ಸ್ವಾಮ್ಯದ ಭಾರತ್ ಎಲೆಕ್ಟ್ರಾನಿಕ್ಸ್. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಪುಟ ತಿರುಗುವ ಚಲನ ಸಂವೇದಿಯೂ ಅದರಲ್ಲಿತ್ತು. ಇಂದು ಮೊಬೈಲನ್ನು ಅಡ್ಡ ಹಿಡಿದೊಡನೆ ಚಿತ್ರವೂ ಅಡ್ಡವಾಗುತ್ತದಲ್ಲ, ಅಂಥದೇ ಸಂವೇದಿಯ ಕೆಲಸ ಅದು. ಐಫೋನ್ ಬಂದದ್ದು ಇದಾದ ಮೂರು ವರ್ಷಗಳ ನಂತರ, 2007ರಲ್ಲಿ.

ಆದರೂ ಸಿಂಪ್ಯೂಟರ್ ಮನೆಮಾತಾಗಲಿಲ್ಲ. 2005ರ ಮೇವರೆಗಿನ ಒಂದು ವರ್ಷದಲ್ಲಿ ಮಾರಾಟವಾದದ್ದು ಸುಮಾರು 4,000 ಮಾತ್ರ. ಕಾರಣಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲನೆಯದು ಬೆಲೆ. ಕಪ್ಪುಬಿಳುಪು ಪರದೆಯ ಮಾದರಿಗೆ 9,950 ರೂಪಾಯಿ, ಬಣ್ಣದ ಪರದೆಯದಕ್ಕೆ 20,000ದ ಹತ್ತಿರ. ಎರಡನೆಯದು, ಅದು ಮುಖ್ಯವಾಗಿ ಕಂಪ್ಯೂಟರ್, ದೂರವಾಣಿ ಅಲ್ಲ. 2003ರಲ್ಲಿ ರಿಲಯನ್ಸ್ ಕಂಪನಿ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೊಡತೊಡಗಿತ್ತು; ಅದೇ ವರ್ಷ ಒಳಬರುವ ಕರೆಗಳೂ ಉಚಿತವಾದವು. ದುಡಿಯಲು ಪುಣೆಗೋ ಗೋವಾಕ್ಕೋ ಹೋದ ಮಗನ ದನಿ ಕೇಳಬೇಕೆಂಬ ತಾಯಿಗೆ ಪಹಣಿ ಓದಿ ಹೇಳುವ ಯಂತ್ರಕ್ಕಿಂತ ಮಗನ ದನಿ ತರುವ ಯಂತ್ರ ದೊಡ್ಡದು. ಮೂರನೆಯದು, ಸರ್ಕಾರಗಳೂ ಬಂಡವಾಳಗಾರರೂ ನಿರೀಕ್ಷಿಸಿದಷ್ಟು ಮುಂದೆ ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಯೂ ನಿಜವಾಯಿತು.

ಹಾಗೆಂದು ಎಲ್ಲವೂ ಮಣ್ಣುಪಾಲಾಯಿತೇ? ಇಲ್ಲ. ಕರ್ನಾಟಕದ ಭೂದಾಖಲೆಯ ಕೆಲಸದಲ್ಲಿ, ಗಣಿಯಿಂದ ಹೊರಡುವ ಅದಿರಿನ ಲೆಕ್ಕವಿಡುವಲ್ಲಿ, ಕಿರುಸಾಲದ ವ್ಯವಹಾರದಲ್ಲಿ ಸಿಂಪ್ಯೂಟರ್ ಬಳಕೆಯಾಯಿತು. ‘ಧ್ವನಿ’ ತಂತ್ರಾಂಶವನ್ನು ಮುಂದೆ ಬೇರೆ ತಂತ್ರಜ್ಞರು ಭಾರತದ ಇತರ ಭಾಷೆಗಳಿಗೂ ಬೆಳೆಸಿದರು. ಮುಟ್ಟುವ ಪರದೆ, ಚಿತ್ರಸಂಕೇತ, ಮಾತನಾಡುವ ಯಂತ್ರ, ಎಲ್ಲವೂ ಇಂದು ಪ್ರತಿ ಮೊಬೈಲಿನಲ್ಲಿವೆ.

‘ಹುನ್ನೂರ’ದಲ್ಲಿ ಅಕ್ಷರ ಎಷ್ಟು?

ಸಿಂಪ್ಯೂಟರ್ ತಂಡ ಯಂತ್ರವನ್ನೂ ತಾನೇ ಕಟ್ಟಬೇಕಾಗಿತ್ತು. ಇಂದಿನ ವಿದ್ಯಾರ್ಥಿಗೆ ಆ ಭಾರವಿಲ್ಲ. 2008ರಲ್ಲಿ ಆಪಲ್ ತನ್ನ ಆಪ್ ಮಳಿಗೆ ತೆರೆಯಿತು. ಅದೇ ವರ್ಷ ಮೊದಲ ಆಂಡ್ರಾಯ್ಡ್ ಮೊಬೈಲ್ ಬಂತು. ಯಂತ್ರ ಜನರ ಕೈಯಲ್ಲಿ ಆಗಲೇ ಇದೆ, ಆಪ್ ಬರೆದರೆ ಸಾಕು ಎಂಬ ಕಾಲ ಬಂತು. ಆದರೆ ಕನ್ನಡದ ತೊಡಕು ಕೂಡಲೇ ಬಗೆಹರಿಯಲಿಲ್ಲ. ಮೊದಲ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಕನ್ನಡದ ಜಾಗದಲ್ಲಿ ಬರಿಯ ಚೌಕಗಳು ಕಾಣುತ್ತಿದ್ದವು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ದೊರೆಯಿತು.

ಕನ್ನಡದ ಆಪ್ ಬರೆಯುವವನು ಎದುರಿಸುವ ಒಂದು ಪುಟ್ಟ ಸಮಸ್ಯೆ ನೋಡಿ. ‘ಹುನ್ನೂರ’ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರ? ಶಾಲೆಯ ಮಗು ಮೂರು ಎನ್ನುತ್ತದೆ: ಹು, ನ್ನೂ, ರ. ಮೊಬೈಲ್ ಮಾತ್ರ ಏಳು ಎನ್ನುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯುನಿಕೋಡ್ ಪದ್ಧತಿಯಲ್ಲಿ ಹ, ಕೊಂಬು, ನ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ನ, ಕೊಂಬಿನ ದೀರ್ಘ, ರ ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಸಂಕೇತ. ಊರಿನ ಹೆಸರಿಗೆ ಐದು ಸಂಕೇತ ಸಾಕೆಂದು ಮಿತಿ ಹಾಕಿದರೆ ಹುನ್ನೂರ ‘ಹುನ್ನ’ ಆಗಿ ನಿಂತುಬಿಡುತ್ತದೆ! ಇಂಗ್ಲಿಷಿನಲ್ಲಿ ಬರೆದ ಈ ಹೆಸರಿಗೆ 6 ಬೈಟ್ ಜಾಗ ಸಾಕು. ಕನ್ನಡದಲ್ಲಿ ಬರೆದರೆ ಸಾಮಾನ್ಯ ಪದ್ಧತಿಯಲ್ಲಿ 21 ಬೈಟ್ ಬೇಕು. ಮೊಬೈಲಿನ ಒಂದು ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡದ ಸಂಕೇತ 70 ಮಾತ್ರ ಹಿಡಿಸುವುದೂ ಇಂಥದೇ ಕಾರಣದಿಂದ.

ಇಂಗ್ಲಿಷ್ ಮಾತ್ರ ಬಲ್ಲ ತಂತ್ರಜ್ಞನಿಗೆ ಈ ತೊಡಕು ಹೊಳೆಯುವುದು ಕಷ್ಟ. ಕಾಗುಣಿತ ಕಲಿತ ಹಳ್ಳಿಯ ವಿದ್ಯಾರ್ಥಿಗೆ ಒಂದು ಮಾತಿನಲ್ಲಿ ಅರ್ಥವಾಗುತ್ತದೆ. ಹಾಗೆಯೇ, ಕಬ್ಬಿನ ಕಟಾವಿನ ಸರದಿ ಯಾಕೆ ತಪ್ಪುತ್ತದೆ, ನೇಕಾರನಿಗೆ ನೂಲಿನ ಲೆಕ್ಕ ಎಲ್ಲಿ ತಪ್ಪುತ್ತದೆ, ಅಜ್ಜಿಗೆ ಔಷಧದ ಚೀಟಿಯಲ್ಲಿ ಏನು ಅರ್ಥವಾಗುವುದಿಲ್ಲ ಎಂಬುದೂ ಅವನಿಗೆ ಗೊತ್ತು. ದೊಡ್ಡ ಕಂಪನಿಗಳು ಹಣ ಕೊಟ್ಟು ಸಮೀಕ್ಷೆ ಮಾಡಿಸಿ ತಿಳಿಯಬೇಕಾದದ್ದು ಅವನಿಗೆ ಮನೆಯಲ್ಲೇ ದೊರೆಯುತ್ತದೆ.

ಸಮ್ಮೇಳನಕ್ಕೆ ಹೋಗಿ ಏನು ಮಾಡಬೇಕು?

ತಂತ್ರಾಂಶ ಬರೆಯುವವರಿಗೆ ಸಮ್ಮೇಳನಗಳು ಎರಡನೆಯ ಶಾಲೆ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನ ಆರಂಭವಾಯಿತು. ಅದರ ಹಿಂದಿದ್ದವರು ಬೆಳಗಾವಿಯ ಗೋಗಟೆ ತಾಂತ್ರಿಕ ಸಂಸ್ಥೆಯಲ್ಲಿ ಕಲಿತ ಅತುಲ್ ಚಿಟ್ನೀಸ್. ಮುಂದೆ ‘ಫಾಸ್ ಡಾಟ್ ಇನ್’ ಎಂಬ ಹೆಸರು ತಳೆದು 2012ರವರೆಗೆ ನಡೆದ ಈ ಸಮ್ಮೇಳನದಲ್ಲಿ ಒಂದು ಮಾತಿಗೆ ಒತ್ತು ಇತ್ತು: ಬೇರೆಯವರು ಬರೆದ ತಂತ್ರಾಂಶ ಬಳಸಿದರೆ ಸಾಲದು, ನಿಮ್ಮ ಕೈಯಿಂದಲೂ ಏನಾದರೂ ಸೇರಬೇಕು. ಚಿಟ್ನೀಸ್ 2013ರಲ್ಲಿ ತೀರಿಕೊಂಡರು. ಮೊಬೈಲ್ ಆಪ್ ಬರೆಯುವವರಿಗಾಗಿಯೇ ‘ಡ್ರಾಯ್ಡ್‌ಕಾನ್’ ಸಮ್ಮೇಳನ 2011ರಲ್ಲಿ ಬೆಂಗಳೂರಿಗೆ ಬಂತು. 1998ರ ಐಟಿ ಮೇಳವೇ ಬೆಳೆದು ಇಂದು ‘ಬೆಂಗಳೂರು ಟೆಕ್ ಸಮ್ಮಿಟ್’ ಆಗಿದೆ.

ಮೇಳದ ದೀಪಾಲಂಕಾರ, ಉಚಿತ ಚೀಲ, ಗಣ್ಯರೊಡನೆ ಫೋಟೊ ಇವುಗಳಿಂದ ವಿದ್ಯೆ ಬರುವುದಿಲ್ಲ. ಲಾಭ ಪಡೆಯುವವರು ತಾವು ಮಾಡಿದ ಅರೆಬರೆ ಕೆಲಸವನ್ನೇ ಆಗಲಿ ಕೈಯಲ್ಲಿ ಹಿಡಿದು ಹೋಗುವವರು. ‘ಇದು ಇಲ್ಲಿ ಕೆಟ್ಟು ನಿಲ್ಲುತ್ತದೆ, ಯಾಕೆ?’ ಎಂದು ಕೇಳಿದವನಿಗೆ ಉತ್ತರ ಹೇಳಲು ಅನುಭವಿಗಳು ಮುಂದೆ ಬರುತ್ತಾರೆ. ಭಾಷಣಕ್ಕಿಂತ ಚಹಾದ ಬಿಡುವಿನಲ್ಲಿ ಕಲಿತದ್ದು ಹೆಚ್ಚು ಎನ್ನುವವರು ಬಹಳ. ಬೆಂಗಳೂರಿಗೆ ಹೋಗಿಬರುವ ಖರ್ಚು ಎಲ್ಲರಿಗೂ ಹೊರಲಾಗದು ನಿಜ. ಆದರೆ ಇಂಥ ಅನೇಕ ಸಮ್ಮೇಳನಗಳ ಭಾಷಣಗಳು ಈಗ ಅಂತರಜಾಲದಲ್ಲಿ ಉಚಿತವಾಗಿ ನೋಡಲು ದೊರೆಯುತ್ತವೆ.

ತಂದೆತಾಯಿಯರಿಗೆ ನಾಲ್ಕು ಮಾತು

ಆಂಡ್ರಾಯ್ಡ್ ಆಪ್ ಬರೆಯಲು ಬೇಕಾದ ತಂತ್ರಾಂಶ ಉಚಿತ. ಬರೆದ ಆಪನ್ನು ತನ್ನದೇ ಮೊಬೈಲಿಗೆ ಹಾಕಿ ನೋಡಲು ಯಾರ ಅಪ್ಪಣೆಯೂ ಬೇಡ, ಕಾಸೂ ಬೇಡ. ಗೂಗಲ್ ಮಳಿಗೆಯಲ್ಲಿ ಇಡಬೇಕಾದರೆ ಒಮ್ಮೆ ಮಾತ್ರ 25 ಡಾಲರ್ ಶುಲ್ಕ; ಆಪಲ್‌ನಲ್ಲಿ ಪ್ರತಿವರ್ಷ 99 ಡಾಲರ್. ಗೂಗಲ್ ಖಾತೆ ತೆರೆಯಲು 18 ವರ್ಷ ತುಂಬಿರಬೇಕು. ಆದ್ದರಿಂದ ಶಾಲಾಮಕ್ಕಳು ಮಳಿಗೆಯ ಯೋಚನೆ ಬಿಟ್ಟು ಗಣಿತ, ತರ್ಕ, ಒಂದು ಗಣಕ ಭಾಷೆ ಇವುಗಳಿಗೆ ಗಮನ ಕೊಡುವುದು ಒಳ್ಳೆಯದು. ‘ಮೂರು ತಿಂಗಳಲ್ಲಿ ಆಪ್ ತಜ್ಞ’ ಎಂಬ ಜಾಹೀರಾತು ನೋಡಿ ದೊಡ್ಡ ಮೊತ್ತ ಕಟ್ಟುವ ಮೊದಲು, ಮಗ ಅಥವಾ ಮಗಳು ಉಚಿತ ಪಾಠಗಳಿಂದ ಒಂದು ಸಣ್ಣ ಲೆಕ್ಕದ ಆಪನ್ನಾದರೂ ಮಾಡಿ ತೋರಿಸಲಿ.

ಇನ್ನೊಂದು ಸ್ವಾರಸ್ಯದ ನಿಯಮವಿದೆ. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಆಪನ್ನು ಲೋಕಕ್ಕೆ ಬಿಡುವ ಮೊದಲು ಕನಿಷ್ಠ 12 ಜನರಿಂದ 14 ದಿನ ಸತತವಾಗಿ ಪರೀಕ್ಷೆ ಮಾಡಿಸಬೇಕೆಂದು ಗೂಗಲ್ ಕೇಳುತ್ತದೆ. ಆ 12 ಜನ ಸಹಪಾಠಿಗಳೇ ಆಗಬೇಕಿಲ್ಲ. ಅವರಲ್ಲಿ ಒಬ್ಬ ರೈತ, ಒಬ್ಬ ನೇಕಾರ, ಒಬ್ಬ ಅಂಗಡಿಯವ, ಓದು ಕಡಿಮೆ ಇರುವ ಒಬ್ಬ ಅಜ್ಜಿಯೂ ಇರಲಿ. ಅಜ್ಜಿ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ನಿಂತ ಜಾಗದಲ್ಲೇ ಆಪಿನ ದೋಷವಿದೆ. 1998ರ ಸಂಕಿರಣ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಇನ್ನೂ ಮುಗಿದಿಲ್ಲ. ಹುನ್ನೂರದ ಹುಡುಗ ಹುಡುಗಿಯರು ಅದನ್ನು ತಮ್ಮ ಮನೆಯ ಪಡಸಾಲೆಯಿಂದಲೇ ಆರಂಭಿಸಬಹುದು.