ಎರಡನೆಯ ಕಾಂಡ: ತಪ್ಪು ಯಾರದು?

ಹಲವು ಸಂಪುಟಗಳಲ್ಲಿ ಸಾಗುವ ದೊಡ್ಡ ಕಥೆಗಳಲ್ಲಿ ಎರಡನೆಯ ಪುಸ್ತಕದ ಪಾಡು ಕಷ್ಟದ್ದು. ಮೊದಲನೆಯದರಲ್ಲಿ ಹೊಸ ಲೋಕವನ್ನು ಕಂಡ ಬೆರಗು ಇರುತ್ತದೆ. ಕೊನೆಯದರಲ್ಲಿ ಗೆಲುವಿನ ಸಂತೋಷ ಇರುತ್ತದೆ. ಕಥಾನಾಯಕನನ್ನು ಸಂಕಟಕ್ಕೆ ನೂಕುವ ಕೆಲಸ ಮಾತ್ರ ಎರಡನೆಯದರ ಪಾಲಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಟೋಲ್ಕಿನ್ ಬರೆದ ಪ್ರಸಿದ್ಧ ಅದ್ಭುತ ಕಥೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮೂರು ಸಂಪುಟಗಳಲ್ಲಿ ಹೊರಬಂತು. ಅದರ ಎರಡನೆಯ ಸಂಪುಟ 1954ರ ನವೆಂಬರದಲ್ಲಿ ಪ್ರಕಟವಾಯಿತು. ಒಡೆಯ ಶತ್ರುಗಳ ಕೈಗೆ ಸಿಕ್ಕಿ, ನಂಬಿಗಸ್ತ ಸೇವಕ ಮುಚ್ಚಿದ ಬಾಗಿಲಿನ ಹೊರಗೆ ಉಳಿಯುವಲ್ಲಿಗೆ ಆ ಪುಸ್ತಕ ಮುಗಿಯುತ್ತದೆ. ಮುಂದೇನಾಯಿತೆಂದು ತಿಳಿಯಲು ಓದುಗರು 1955ರ ಅಕ್ಟೋಬರದವರೆಗೆ ಕಾಯಬೇಕಾಯಿತು.

ನಮ್ಮವರ ಪಾಲಿಗೆ ಇಂತಹ ಮಹಾಕಥೆಗಳಲ್ಲಿ ಮೊದಲನೆಯದು ರಾಮಾಯಣ. ಅದರ ಎರಡನೆಯ ಪುಸ್ತಕ ಅಯೋಧ್ಯಾಕಾಂಡ. ಈ ಕಾಂಡದ ಕುರಿತು ವಾಚಕರ ಅಭಿಪ್ರಾಯಗಳು ಎಂದೂ ಒಂದಾಗಿಲ್ಲ, ಈಗಲೂ ಒಂದಾಗಿಲ್ಲ. ಇದು ಕೊರತೆಯಲ್ಲವೆಂದೂ, ಗಡಿನಾಡಿನ ನಮ್ಮ ಮನೆಗಳಿಗೆ ಇದರಿಂದ ದೊಡ್ಡ ಉಪಕಾರವಾಗಿದೆಯೆಂದೂ ನಾವು ತಿಳಿದಿದ್ದೇವೆ. ಅದಕ್ಕೆ ಕಾರಣಗಳನ್ನು ಮುಂದೆ ನಿವೇದಿಸುತ್ತೇವೆ.

ರಾಕ್ಷಸನಿಲ್ಲದ ಕಾಂಡ

ಬಾಲಕಾಂಡದಲ್ಲಿ ತಾಟಕಿ ಇದ್ದಾಳೆ, ಶಿವಧನುಸ್ಸು ಇದೆ. ಮುಂದಿನ ಕಾಂಡಗಳಲ್ಲಿ ಮಾಯಾಮೃಗ, ಕಪಿಸೇನೆ, ಹತ್ತು ತಲೆಯ ರಾವಣ ಎಲ್ಲ ಬರುತ್ತಾರೆ. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಾದರೋ ಭರದ್ವಾಜರು ಭರತನ ಸೇನೆಗೆ ಮಾಡಿದ ಆತಿಥ್ಯದಂತಹ ಒಂದೆರಡು ಸಂದರ್ಭಗಳನ್ನು ಬಿಟ್ಟರೆ ಪವಾಡಗಳಿಲ್ಲ. ಯಾವ ರಾಕ್ಷಸನೂ ಎದುರು ನಿಂತು ಕಾದುವುದಿಲ್ಲ. ರೂಢಿಯಲ್ಲಿರುವ ಪಾಠದಲ್ಲಿ 119 ಸರ್ಗಗಳುಳ್ಳ, ಬರೋಡದ ಸಂಶೋಧಿತ ಆವೃತ್ತಿಯಲ್ಲಿ 111 ಸರ್ಗಗಳುಳ್ಳ ಈ ದೊಡ್ಡ ಕಾಂಡವೆಲ್ಲ ಒಂದು ಮನೆಯ ಜಗಳದ ಕಥೆ. ಮುದುಕನಾದ ತಂದೆ, ಮೂವರು ತಾಯಂದಿರು, ಆಸ್ತಿಯ ಹಂಚಿಕೆ, ತವರಿನಿಂದ ಬಂದ ದಾಸಿಯ ಕಿವಿಮಾತು, ದೂರದಲ್ಲಿದ್ದ ತಮ್ಮ. ರಾಕ್ಷಸನನ್ನು ಕಾಣದವರೂ ಇಂತಹ ಜಗಳವನ್ನು ಎಲ್ಲಾದರೂ ಕಂಡಿರುತ್ತಾರೆ. ಆದುದರಿಂದಲೇ ಈ ಕಾಂಡದ ಮೇಲೆ ಅಭಿಪ್ರಾಯ ಹೇಳಲು ಯಾರೂ ಹಿಂಜರಿಯುವುದಿಲ್ಲ.

ಮುಖ್ಯ ಪ್ರಶ್ನೆ ಒಂದೇ: ರಾಮನು ಕಾಡಿಗೆ ಹೋದದ್ದು ಯಾರ ತಪ್ಪಿನಿಂದ?

ನಾಲ್ಕು ಬಗೆಯ ಉತ್ತರಗಳು

ಮಂಥರೆಯದೇ ತಪ್ಪು ಎನ್ನುವವರು ಹೆಚ್ಚು. ವಾಲ್ಮೀಕಿಯು ಅವಳ ಹುಟ್ಟಿನ ವಿವರ ಹೇಳದೆ, ಕೈಕೇಯಿಯ ತವರಿನ ದಾಸಿಯೆಂದಷ್ಟೇ ಹೇಳಿ ಮುಂದೆ ಸಾಗುತ್ತಾನೆ. ಅವಳಿಗೆ ಅಷ್ಟೊಂದು ಹಗೆ ಏಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಅದನ್ನು ತುಂಬಲು ಮುಂದಿನವರು ತಮ್ಮ ತಮ್ಮ ಉತ್ತರ ಕೊಟ್ಟರು. ಮಹಾಭಾರತದ ವನಪರ್ವದಲ್ಲಿ ಬರುವ ರಾಮೋಪಾಖ್ಯಾನವು ಅವಳನ್ನು ಬ್ರಹ್ಮನ ಆಜ್ಞೆಯಂತೆ ಹುಟ್ಟಿದ ದುಂದುಭಿಯೆಂಬ ಗಂಧರ್ವಿ ಎನ್ನುತ್ತದೆ. ತಮಿಳಿನ ಕಂಬನು, ಬಾಲಕ ರಾಮ ಆಟದಲ್ಲಿ ಮಣ್ಣಿನ ಉಂಡೆಯಿಂದ ಅವಳ ಗೂನಿಗೆ ಹೊಡೆದದ್ದನ್ನು ಅವಳು ಮರೆತಿರಲಿಲ್ಲವೆಂದು ಹೇಳುತ್ತಾನೆ. ಅಧ್ಯಾತ್ಮ ರಾಮಾಯಣದಲ್ಲಿ ದೇವತೆಗಳೇ ಸರಸ್ವತಿಯನ್ನು ಕಳುಹಿಸಿ ಅವಳ ಬುದ್ಧಿಯನ್ನು ತಿರುಗಿಸುತ್ತಾರೆ.

ಎರಡನೆಯ ಪಂಗಡದವರು ಕೈಕೇಯಿಯನ್ನು ದೂರುತ್ತಾರೆ. ದಾಸಿ ನೂರು ಹೇಳಲಿ, ಕೇಳುವವಳಿಗೆ ವಿವೇಕ ಬೇಡವೇ ಎಂಬುದು ಅವರ ವಾದ. ಅದಕ್ಕೆ ಎದುರಾಗಿ ಹೇಳುವವರೂ ಇದ್ದಾರೆ. ಶಂಬರಾಸುರನ ಯುದ್ಧದಲ್ಲಿ ಗಾಯಗೊಂಡ ಗಂಡನನ್ನು ರಣರಂಗದಿಂದ ಈಚೆಗೆ ತಂದು ಬದುಕಿಸಿದವಳು ಕೈಕೇಯಿ. ಎರಡು ವರಗಳು ಅವಳ ಸಾಹಸಕ್ಕೆ ಸಂದ ಸಾಲ. ಸಾಲ ಕೊಟ್ಟವಳು ಕೇಳಿದ ಕಾಲ ಕೆಟ್ಟದಾಗಿರಬಹುದು. ಆದರೆ ಸಾಲವೇ ಸುಳ್ಳೆಂದು ಹೇಳಲಾಗದು ಎಂಬುದು ಅವರ ಮಾತು.

ಮೂರನೆಯವರು ದಶರಥನನ್ನೇ ಕಟಕಟೆಗೆ ತರುತ್ತಾರೆ. ಅವರ ಕೈಯಲ್ಲಿ ಬಲವಾದ ಎರಡು ಸಾಕ್ಷ್ಯಗಳಿವೆ. ಭರತನು ಊರಿನಿಂದ ಹೊರಗಿರುವಾಗಲೇ ಪಟ್ಟಾಭಿಷೇಕ ಮುಗಿದರೆ ಒಳ್ಳೆಯದೆಂದು ದಶರಥನೇ ರಾಮನೊಡನೆ ಹೇಳುತ್ತಾನೆ. ಇದು ನಾಲ್ಕನೆಯ ಸರ್ಗದಲ್ಲಿದೆ. ಇನ್ನೊಂದು, ಕಾಂಡದ ಕೊನೆಯ ಭಾಗದಲ್ಲಿ ಚಿತ್ರಕೂಟದಲ್ಲಿ ಬರುತ್ತದೆ. ಕೈಕೇಯಿಯನ್ನು ಮದುವೆಯಾಗುವಾಗ ತಂದೆಯು ಅವಳ ತಂದೆಗೆ ರಾಜ್ಯವನ್ನೇ ಶುಲ್ಕವಾಗಿ ಕೊಡುವ ಮಾತು ಕೊಟ್ಟಿದ್ದನೆಂದು ರಾಮನೇ ಭರತನಿಗೆ ತಿಳಿಸುತ್ತಾನೆ. ಇದೇ ರಾಜ್ಯಶುಲ್ಕದ ಪ್ರಶ್ನೆ. ನೂರು ಸರ್ಗಗಳ ತನಕ ಕೈಕೇಯಿಯನ್ನು ಬೈಯುತ್ತ ಬಂದ ಓದುಗ ಇಲ್ಲಿ ತಟಸ್ಥನಾಗಿ ಹಿಂದಿನ ಪುಟಗಳನ್ನು ಮತ್ತೆ ತೆರೆಯಬೇಕಾಗುತ್ತದೆ. 1944ರಲ್ಲಿ ಮದರಾಸಿನಲ್ಲಿ ರಾಮಾಯಣದ ಮೇಲೆ ಉಪನ್ಯಾಸಮಾಲೆ ನಡೆಸಿದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಇದನ್ನು ಬದಿಗಿಡದೆ ಚರ್ಚಿಸಿದ್ದರು.

ಯಾರದೂ ತಪ್ಪಲ್ಲ, ವಿಧಿಯ ಆಟ ಎನ್ನುವವರು ನಾಲ್ಕನೆಯವರು. ಇವರಿಗೆ ಕಥೆಯ ಮುಂದಿನ ಭಾಗ ಗೊತ್ತಿದೆ. ರಾಮ ಕಾಡಿಗೆ ಹೋಗದಿದ್ದರೆ ರಾವಣನನ್ನು ಕೊಲ್ಲುವವರು ಯಾರು ಎಂದು ಕೇಳುತ್ತಾರೆ.

ಈ ವ್ಯಾಜ್ಯದಲ್ಲಿ ಕಥೆಯೊಳಗಿನವರ ತೀರ್ಪನ್ನೂ ಗಮನಿಸತಕ್ಕದ್ದು. ಶತ್ರುಘ್ನನು ಮಂಥರೆಯನ್ನು ಹಿಡಿದೆಳೆದಾಗ ಭರತ ತಡೆಯುತ್ತಾನೆ. ಹೆಂಗಸನ್ನು ಕೊಂದರೆ ರಾಮನು ನಮ್ಮೊಡನೆ ಮಾತಾಡಲಾರನೆಂಬುದು ಅವನ ಕಾರಣ. ಪಾದುಕೆಗಳನ್ನು ಕೊಟ್ಟು ಬೀಳ್ಕೊಡುವಾಗ, ಕೈಕೇಯಿಯ ಮೇಲೆ ಸಿಟ್ಟು ಮಾಡದೆ ಅವಳನ್ನು ನೋಡಿಕೊಳ್ಳಬೇಕೆಂದು ರಾಮ ಶತ್ರುಘ್ನನಿಗೆ ಹೇಳುತ್ತಾನೆ. ನಷ್ಟಕ್ಕೊಳಗಾದವರೇ ಶಿಕ್ಷೆ ಬೇಡವೆಂದ ಮೇಲೆ ಓದುಗರು ಯಾವ ತೀರ್ಪು ಕೊಡಬೇಕು? ಇದು ಇನ್ನೊಂದು ಚರ್ಚೆಗೆ ದಾರಿ.

ಮನೆಯ ಹೆಂಗಸರು ಈ ಕಾಂಡದಲ್ಲಿ ಬೇರೆಯೇ ಪುಟಗಳ ಮೇಲೆ ಬೆರಳಿಡುವುದುಂಟು. ಕಾಡಿಗೆ ಬರಬೇಡವೆಂದ ರಾಮನನ್ನು ಸೀತೆ ಎಷ್ಟು ಖಾರವಾಗಿ ಹಂಗಿಸುತ್ತಾಳೆ! ರಾಮ ಹೊರಟರೆ ಸೀತೆಯೇ ರಾಜ್ಯವಾಳಲಿ ಎಂದು ವಸಿಷ್ಠರು ತುಂಬಿದ ಸಭೆಯಲ್ಲಿ ಹೇಳುತ್ತಾರೆ. ಈ ಮಾತು ಎಷ್ಟು ಜನರಿಗೆ ನೆನಪಿದೆ?

ಕನ್ನಡದ ಕವಿಗಳು ಕೊಟ್ಟ ತೀರ್ಪು

ಕವಿಗಳೂ ಮೊದಲು ವಾಚಕರೇ. ಅವರು ಕೊಟ್ಟ ತೀರ್ಪುಗಳೂ ಒಂದೇ ತೆರನಾಗಿಲ್ಲ. ಜೈನ ಪರಂಪರೆಯ ರಾಮಕಥೆಯನ್ನು ಪ್ರಾಕೃತದಲ್ಲಿ ಬರೆದ ವಿಮಲಸೂರಿಯ ಪ್ರಕಾರ, ದಶರಥನು ವೈರಾಗ್ಯ ತಾಳಿದಾಗ ಮಗ ಭರತನೂ ಹಿಂದೆಯೇ ಹೊರಡಲಿದ್ದನು. ಗಂಡನನ್ನೂ ಮಗನನ್ನೂ ಒಟ್ಟಿಗೆ ಕಳೆದುಕೊಳ್ಳುವ ಭಯದಿಂದ ಕೈಕೇಯಿ ಭರತನಿಗೆ ರಾಜ್ಯ ಕೇಳಿದಳು. ಕನ್ನಡದಲ್ಲಿ ಇದೇ ಪರಂಪರೆಯನ್ನು ಹಿಡಿದವನು ಅಭಿನವ ಪಂಪನೆನಿಸಿದ ನಾಗಚಂದ್ರ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಮಂಥರೆಯ ಹೆಸರಿನ ಸಂಚಿಕೆಯ ಶೀರ್ಷಿಕೆಯೇ ‘ಮಮತೆಯ ಸುಳಿ ಮಂಥರೆ’. ಹಗೆಯೆಂದು ಎಲ್ಲರೂ ಕಂಡಲ್ಲಿ ಅವರು ಭರತನ ಮೇಲಿನ ಮಮತೆಯನ್ನು ಕಂಡರು. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ, 1967ರಲ್ಲಿ ಜ್ಞಾನಪೀಠವನ್ನೂ ಪಡೆದ ಕಾವ್ಯ ಅದು.

ಸೊರಡಿಯಿಂದ ಕುಂಬಳೆಗೆ

ಈ ಕಥೆ ನಮ್ಮ ಊರಿಗೆ ಯಾವ ದಾರಿಯಿಂದ ಬಂತೆಂದು ನೋಡಲು ದೂರದ ಒಂದು ಹಳ್ಳಿಯ ಹೆಸರು ಹೇಳಬೇಕಾಗಿದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಸೊರಡಿ ಎಂಬ ಊರಿದೆ. ಜತ್ತವು ಕನ್ನಡವೂ ಮರಾಠಿಯೂ ಕೂಡಿ ಬಾಳುವ ಸೀಮೆ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂತೆ ಜತ್ತದ ಕನ್ನಡ ಹಳ್ಳಿಗಳು ಆ ಕಡೆಗೆ ಉಳಿದವು. 1967ರ ಮಹಾಜನ ವರದಿಯಲ್ಲಿ ಅವರ ವಿಷಯವೂ ನಮ್ಮ ವಿಷಯವೂ ಜತೆಯಾಗಿ ಬಂದವು, ಜತೆಯಾಗಿಯೇ ಕಡತದಲ್ಲಿ ಉಳಿದವು.

ಜತ್ತ ತಾಲೂಕಿನ ಮೂಡಣ ದಿಕ್ಕಿಗೆ ವಿಜಯಪುರ ಜಿಲ್ಲೆ. ಆ ನಗರದ ಮಗ್ಗುಲಲ್ಲಿ ತೊರವೆ ಎಂಬ ಊರು. ಕುಮಾರವಾಲ್ಮೀಕಿ ಎಂದು ಹೆಸರಾದ ಕವಿ ಅಲ್ಲಿಯ ನರಹರಿಯ ಅಂಕಿತದಲ್ಲಿ ಭಾಮಿನೀ ಷಟ್ಪದಿಯ ಐದು ಸಾವಿರಕ್ಕೂ ಮಿಕ್ಕಿದ ಪದ್ಯಗಳಲ್ಲಿ ರಾಮಾಯಣ ಹೇಳಿದನು. ಅದೇ ತೊರವೆ ರಾಮಾಯಣ. ಅದೇ ಸಾಂಗಲಿ ಜಿಲ್ಲೆಯ ಶೇಟಫಳೆಯಲ್ಲಿ ಹುಟ್ಟಿದವರು ಮರಾಠಿ ಕವಿ ಗ. ದಿ. ಮಾಡಗೂಳಕರ. ಅವರ ‘ಗೀತ ರಾಮಾಯಣ’ದ 56 ಹಾಡುಗಳನ್ನು ಸುಧೀರ ಫಡಕೆಯವರ ಸಂಗೀತದಲ್ಲಿ ಪುಣೆ ಆಕಾಶವಾಣಿಯು 1955-56ರಲ್ಲಿ ವಾರಕ್ಕೊಂದರಂತೆ ಪ್ರಸಾರ ಮಾಡಿತು. ಅವುಗಳಲ್ಲಿ ಅತಿ ಪ್ರಸಿದ್ಧವಾದ ಒಂದು ಹಾಡು ಈ ಎರಡನೆಯ ಕಾಂಡದ್ದೇ. ತಾಯಿಯೂ ದೋಷಿಯಲ್ಲ, ತಂದೆಯೂ ದೋಷಿಯಲ್ಲ, ಮನುಷ್ಯನು ಪರಾಧೀನನೆಂದು ರಾಮನು ಭರತನನ್ನು ಸಂತೈಸುವ ಹಾಡು. ಹೀಗೆ ಸೊರಡಿಯಂತಹ ಊರಿನ ಮನೆಗೆ ಒಂದು ಕಡೆಯಿಂದ ಕನ್ನಡದ ಷಟ್ಪದಿ, ಇನ್ನೊಂದು ಕಡೆಯಿಂದ ಮರಾಠಿಯ ಹಾಡು ಎರಡೂ ನೆರೆಹೊರೆಯವು. ಎರಡನ್ನೂ ಬಲ್ಲ ಮನೆಯವರು ಒಂದೇ ಪ್ರಶ್ನೆಗೆ ಎರಡು ಉತ್ತರಗಳನ್ನು ತೂಗಿ ನೋಡಬಲ್ಲರು.

ತೊರವೆ ರಾಮಾಯಣ ಘಟ್ಟ ಇಳಿದು ಕರಾವಳಿಗೂ ಬಂತು. ನಮ್ಮ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಯಕ್ಷಗಾನ ಪ್ರಸಂಗಗಳು ಬಹುಮಟ್ಟಿಗೆ ಅದನ್ನೇ ಆಧರಿಸಿದವೆಂದು ವಿದ್ವಾಂಸರು ತೋರಿಸಿದ್ದಾರೆ. ಕವಿ ಯಾರೆಂಬ ಬಗ್ಗೆ ಮುಳಿಯ ತಿಮ್ಮಪ್ಪಯ್ಯನವರಿಗೂ ಶಿವರಾಮ ಕಾರಂತರಿಗೂ ಅಭಿಪ್ರಾಯಭೇದವಿತ್ತು. ಕುಕ್ಕಿಲ ಕೃಷ್ಣ ಭಟ್ಟರು ಆ ಪ್ರಸಂಗಗಳನ್ನು ಶೋಧಿಸಿ ಸಂಪಾದಿಸಿಕೊಟ್ಟರು. ಆ ಚರ್ಚೆ ಏನೇ ಇರಲಿ, ‘ಪಟ್ಟಾಭಿಷೇಕ’ ಪ್ರಸಂಗದ ಪದಗಳು ನಮ್ಮ ಜನರ ಬಾಯಲ್ಲಿ ಉಳಿದವು. ‘ಭರತಾಗಮನ’ ತಾಳಮದ್ದಳೆಯ ಮೆಚ್ಚಿನ ಪ್ರಸಂಗವಾಯಿತು.

ತಾಳಮದ್ದಳೆಯೆಂದರೆ ಅಯೋಧ್ಯಾಕಾಂಡದ ನ್ಯಾಯಾಲಯವೆಂದೇ ಹೇಳಬೇಕು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ತನ್ನ ಪಾತ್ರದ ಪಕ್ಷವನ್ನು ಹೇಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ, ಕುಂಬಳೆ ಸುಂದರ ರಾಯರಂತಹ ಅರ್ಥಧಾರಿಗಳನ್ನು ಕೊಟ್ಟ ಮಣ್ಣು ಇದು. ರಾಜ್ಯಶುಲ್ಕದಂತಹ ಒಂದು ಎಳೆ ಸಿಕ್ಕಿದರೆ ಭರತನಿಗೂ ರಾಮನಿಗೂ ವಾದ ಬೆಳೆಯುತ್ತದೆ. ಕೇಳಿದವರು ಮನೆಗೆ ಹೋಗುವ ದಾರಿಯಲ್ಲಿ ಅದನ್ನೇ ಮುಂದುವರಿಸುತ್ತಾರೆ.

ಮಕ್ಕಳ ಪಾಲು

ನಮ್ಮ ಚಿಂತೆ ಇರುವುದು ಇಲ್ಲಿ. ವಾದ ಕೇಳಿ ರುಚಿ ಕಾಣಬೇಕಾದರೆ ಕಥೆ ಗೊತ್ತಿರಬೇಕು, ಮಾತಿನ ಮೊನೆ ತಿಳಿಯಬೇಕು. ಮನೆಯಲ್ಲಿ ಕನ್ನಡ ಮಾತಾಡಿಯೂ ಕನ್ನಡ ಅಕ್ಷರ ಓದಲು ಬಾರದ ಮಕ್ಕಳು ನಮ್ಮಲ್ಲಿದ್ದಾರೆ. ಇಂಗ್ಲಿಷಿನ ದಪ್ಪ ದಪ್ಪ ಅದ್ಭುತ ಕಥೆಗಳನ್ನು ಸಂಪುಟಗಟ್ಟಲೆ ಓದಿ, ಎರಡನೆಯದು ಮೊದಲನೆಯದರಷ್ಟು ಚೆನ್ನಾಗಿಲ್ಲವೆಂದು ಲೀಲಾಜಾಲವಾಗಿ ಹೇಳುವ ಮಕ್ಕಳೂ ಇದ್ದಾರೆ. ಅವರಿಗೆ ಓದುವ ಆಸೆಯಿಲ್ಲವೆಂದು ದೂರುವುದು ಸರಿಯಲ್ಲ. ಅಭಿಪ್ರಾಯ ಹೇಳುವ ಧೈರ್ಯವೂ ಅವರಿಗಿದೆ. ಕನ್ನಡದಲ್ಲಿ ಅಭಿಪ್ರಾಯ ಹೇಳುವ ಸಂದರ್ಭವನ್ನು ನಾವು ಅವರಿಗೆ ಒದಗಿಸಿಲ್ಲ, ಅಷ್ಟೆ.

ಕರ್ಕಾಟಕ ಮಾಸ ಬಂದಾಗ ನೆರೆಯ ಮಲಯಾಳಿ ಮನೆಗಳಲ್ಲಿ ಎಳುತ್ತಚ್ಚನ್ ರಚಿಸಿದ ಅಧ್ಯಾತ್ಮ ರಾಮಾಯಣದ ಪಾರಾಯಣ ನಡೆಯುತ್ತದೆ. ದಿನಕ್ಕಿಷ್ಟೆಂದು ಓದಿ ತಿಂಗಳ ಕೊನೆಗೆ ಮುಗಿಸುತ್ತಾರೆ. ಈ ಶಿಸ್ತು ಮೆಚ್ಚತಕ್ಕದ್ದು. ಅದೇ ಮಳೆಗಾಲದ ಆಟಿಯ ಸಂಜೆಗಳಲ್ಲಿ ನಮ್ಮ ಮನೆಗಳಲ್ಲೂ ಕನ್ನಡದ ಒಂದು ರಾಮಾಯಣವನ್ನು ತೆರೆಯಬಹುದು. ತೊರವೆಯ ಷಟ್ಪದಿ ಮಕ್ಕಳಿಗೆ ಕಠಿಣವೆನಿಸಿದರೆ ಸರಳ ಗದ್ಯವಾದರೂ ಆದೀತು. ಅಜ್ಜಿ ಓದಲಿ, ಇಲ್ಲವೆ ಮೊಮ್ಮಗಳು ಅಕ್ಷರ ಕೂಡಿಸಿ ಓದಲಿ. ಆದರೆ ಓದಿ ಕೈಮುಗಿದು ಎದ್ದರೆ ಸಾಲದು. ತಪ್ಪು ಯಾರದೆಂದು ಮಕ್ಕಳನ್ನು ಕೇಳಬೇಕು. ನೆರೆಮನೆಯ ಪುಸ್ತಕದಲ್ಲಿ ಸರಸ್ವತಿ ಮಂಥರೆಯ ಬುದ್ಧಿಯನ್ನು ತಿರುಗಿಸಿದಳಂತೆ, ನಮ್ಮದರಲ್ಲಿ ಹೇಗಿದೆ ಎಂದು ಮಗು ಕೇಳಿದರೆ ಗದರಿಸಬಾರದು. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಸೊರಡಿಯ ಮಗುವಿಗೂ ಮಂಜೇಶ್ವರದ ಮಗುವಿಗೂ ಈ ಭಾಗ್ಯ ಸಮಾನವಾಗಿದೆ.

ಶಾಲೆ, ಕಚೇರಿ, ನಾಮಫಲಕಗಳಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಹಕ್ಕಿಗಾಗಿ ನಾವು ಹೋರಾಡುತ್ತ ಬಂದಿದ್ದೇವೆ, ಮುಂದೆಯೂ ಹೋರಾಡಬೇಕಾಗಿದೆ. ಆದರೆ ಸರಕಾರದ ಆಜ್ಞೆಗೆ ಕಾಯದೆ ಮಾಡಬಹುದಾದ ಕೆಲಸ ಇದು. ಮನೆಯಲ್ಲಿ ಬೈಯಲು, ಬೇಡಲು, ಲೆಕ್ಕ ಹೇಳಲು ಸಾಕಾಗುವಷ್ಟು ಕನ್ನಡ ಉಳಿದರೆ ಭಾಷೆ ಉಳಿಯಿತೆಂದು ತಿಳಿಯಬಾರದು. ಕೈಕೇಯಿಯ ಪರವಾಗಿ ಹತ್ತು ನಿಮಿಷ ವಾದಿಸಬಲ್ಲಷ್ಟು ಕನ್ನಡ ಮಗುವಿಗೆ ಬಂದರೆ ಆ ಮನೆಯ ಕನ್ನಡದ ಬಗ್ಗೆ ನಾವು ಧೈರ್ಯದಿಂದಿರಬಹುದು. ಈ ಆಟಿಯಲ್ಲಿ ಒಂದು ಸಂಜೆಯನ್ನಾದರೂ ಅದಕ್ಕೆ ಮೀಸಲಿಡಬೇಕೆಂದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.