ಸಂಪತ್ತಿನ ಮೇಲಣ ತೆರಿಗೆ: ಸ್ವತಂತ್ರ ಭಾರತದಲ್ಲಿ ಲೋಕಾಭಿಪ್ರಾಯದ ಸ್ಥಿತ್ಯಂತರ

ಉಳ್ಳವರಿಂದ ಹೆಚ್ಚು ಪಡೆದು ಇಲ್ಲದವರಿಗೆ ಒದಗಿಸುವುದು ಪ್ರಭುತ್ವದ ಹೊಣೆಯೆಂಬ ತತ್ತ್ವವನ್ನು ಭಾರತದ ಸಾರ್ವಜನಿಕ ಜೀವನವು ಮುಖಾಮುಖಿಯಾಗಿ ನಿರಾಕರಿಸಿದ್ದು ವಿರಳ. ಆದರೆ ಆ ತತ್ತ್ವವನ್ನು ಕಾಯಿದೆಯ ರೂಪಕ್ಕೆ ಇಳಿಸಿದ ಎಸ್ಟೇಟ್ ಸುಂಕ, ವೆಚ್ಚ ತೆರಿಗೆ, ಕೊಡುಗೆ ತೆರಿಗೆ ಹಾಗೂ ಸಂಪತ್ತು ತೆರಿಗೆಗಳು ಒಂದೊಂದಾಗಿ ರದ್ದುಗೊಂಡಿವೆ. ತತ್ತ್ವ ಉಳಿದು ಸಾಧನಗಳು ಅಳಿದ ಈ ವೈರುಧ್ಯದ ಕಾರಣಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾಯಿದೆಗಳು, ಆಯವ್ಯಯ ಭಾಷಣಗಳು, ಸಮಿತಿಗಳ ವರದಿಗಳು ಮತ್ತು ರಾಜಕೀಯ ಚರ್ಚೆಗಳಲ್ಲಿ ವ್ಯಕ್ತವಾದ ಧೋರಣೆಗಳನ್ನು ಇಲ್ಲಿ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಸಮಾನತೆಯ ಆಶಯ: 1950–1966

ಸಂಪತ್ತು ಸಾರ್ವಜನಿಕ ಹಿತಕ್ಕೆ ಮಾರಕವಾಗುವಂತೆ ಕೆಲವರಲ್ಲೇ ಕೇಂದ್ರೀಕೃತವಾಗಬಾರದೆಂದು ಸಂವಿಧಾನದ 39ನೆಯ ಅನುಚ್ಛೇದ ನಿರ್ದೇಶಿಸುತ್ತದೆ. ಈ ಆಶಯದ ಹಿನ್ನೆಲೆಯಲ್ಲಿ 1953ರಲ್ಲಿ ಎಸ್ಟೇಟ್ ಸುಂಕದ ಕಾಯಿದೆ ಜಾರಿಗೆ ಬಂದಿತು. ವಾರಸುದಾರರಿಗೆ ದಾಟುವ ಆಸ್ತಿಯಲ್ಲಿ ಸಮಾಜಕ್ಕೂ ಪಾಲಿದೆ ಎಂಬುದು ಅದರ ತಿರುಳು. 1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಭಾರತದ ತೆರಿಗೆ ಸುಧಾರಣೆಯನ್ನು ಕುರಿತು ವರದಿಯನ್ನು ಸಲ್ಲಿಸಿದರು. ಅದರ ಪ್ರಭಾವದಿಂದ ಸಂಪತ್ತು ತೆರಿಗೆ ಮತ್ತು ವೆಚ್ಚ ತೆರಿಗೆಗಳ ಕಾಯಿದೆಗಳು 1957ರಲ್ಲಿ, ಕೊಡುಗೆ ತೆರಿಗೆಯ ಕಾಯಿದೆ 1958ರಲ್ಲಿ ಅಂಗೀಕಾರಗೊಂಡವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಾಲ್ಡರ್ ಅವರ ಯೋಜನೆ ಹೆಚ್ಚಿನ ದರಗಳ ಯೋಜನೆಯಾಗಿರಲಿಲ್ಲ. ತೆರಿಗೆಯ ವ್ಯಾಪ್ತಿಯನ್ನು ವಿಸ್ತರಿಸಿ, ಒಂದು ತೆರಿಗೆಯಿಂದ ತಪ್ಪಿಸಿಕೊಂಡದ್ದು ಇನ್ನೊಂದರಲ್ಲಿ ಬಯಲಾಗುವಂತೆ ಹೆಣೆದು, ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 45ಕ್ಕೆ ಮಿತಿಗೊಳಿಸಬೇಕೆಂದು ಅವರು ಸೂಚಿಸಿದ್ದರು. ಸರ್ಕಾರ ಹೊಸ ತೆರಿಗೆಗಳನ್ನು ಸ್ವೀಕರಿಸಿತು, ದರದ ಮಿತಿಯನ್ನು ಸ್ವೀಕರಿಸಲಿಲ್ಲ. ವೆಚ್ಚ ತೆರಿಗೆಯಂತೂ 1962ರಲ್ಲಿ ರದ್ದಾಗಿ, 1964ರಲ್ಲಿ ಮರಳಿ, 1966ರಲ್ಲಿ ಮತ್ತೆ ತೆರೆಮರೆಗೆ ಸರಿಯಿತು. ಈ ನಡುವೆ 1959ರಲ್ಲಿ ಹುಟ್ಟಿದ ಸ್ವತಂತ್ರ ಪಕ್ಷವು ಆಸ್ತಿಯ ಹಕ್ಕಿನ ಪರವಾಗಿ ಮಾತನಾಡಿತಾದರೂ ಅಂದಿನ ಪ್ರಧಾನ ಧೋರಣೆಯನ್ನು ಬದಲಿಸಲು ಅದಕ್ಕೆ ಸಾಧ್ಯವಾಗಲಿಲ್ಲ.

ದರಗಳ ಶಿಖರ ಮತ್ತು ನಂಬಿಕೆಯ ಕುಸಿತ: 1967–1985

1969ರ ಬ್ಯಾಂಕ್ ರಾಷ್ಟ್ರೀಕರಣ, 1971ರ ‘ಗರೀಬಿ ಹಟಾವೊ’ ಘೋಷಣೆ, ಅದೇ ವರ್ಷ ರಾಜಧನದ ರದ್ದತಿ – ಇವೆಲ್ಲವೂ ಒಂದೇ ಜನಾಭಿಪ್ರಾಯದ ಮುಖಗಳು. ದೇಶದಲ್ಲೇ ಅತ್ಯಧಿಕವೆನಿಸಿದ್ದ ಮೈಸೂರು ಅರಸರ 26 ಲಕ್ಷ ರೂಪಾಯಿಗಳ ರಾಜಧನವೂ ಆಗಲೇ ನಿಂತಿತು. ಆದಾಯ ತೆರಿಗೆಯ ಮೇಲಿನ ಹಂತದ ದರ ಶೇ. 85 ಇದ್ದು, ಅದರ ಮೇಲೆ ಶೇ. 15ರ ಸರ್ಚಾರ್ಜ್ ಸೇರಿ ಒಟ್ಟು ಶೇ. 97.75ನ್ನು ಮುಟ್ಟಿತು. ಎಸ್ಟೇಟ್ ಸುಂಕದ ಗರಿಷ್ಠ ದರವೂ ಶೇ. 85ರಷ್ಟಿತ್ತು.

ಈ ದರಗಳ ಅರ್ಥವನ್ನು ಉದಾಹರಣೆಯೊಂದರಿಂದ ತಿಳಿಯಬಹುದು. ಅತ್ಯುನ್ನತ ಹಂತದಲ್ಲಿದ್ದ ವ್ಯಕ್ತಿಯ 100 ರೂಪಾಯಿಗಳ ಆಸ್ತಿಯಿಂದ ವರ್ಷಕ್ಕೆ 10 ರೂಪಾಯಿ ಆದಾಯ ಬಂದರೆ, ಆದಾಯ ತೆರಿಗೆಗೆ 9.775 ರೂಪಾಯಿ ಸಲ್ಲಬೇಕಾಗಿತ್ತು. ಉಳಿಯುತ್ತಿದ್ದುದು 22.5 ಪೈಸೆ. ಅದೇ ಆಸ್ತಿಗೆ ಶೇ. 1ರ ಸಂಪತ್ತು ತೆರಿಗೆ ಬಿದ್ದರೂ 1 ರೂಪಾಯಿ ಕೊಡಬೇಕಾಗುತ್ತಿತ್ತು. ಅಂದರೆ ಎರಡೂ ತೆರಿಗೆಗಳು ಕೂಡಿ ಆದಾಯವನ್ನೇ ಮೀರುತ್ತಿದ್ದವು. ಪ್ರಾಮಾಣಿಕತೆ ನಷ್ಟದ ಬಾಬ್ತಾದಾಗ ಲೆಕ್ಕದಾಚೆಯ ಹಣ ಬೆಳೆಯುವುದು ಸಹಜ. ಕಪ್ಪುಹಣವನ್ನು ಕುರಿತು ವಿಚಾರಿಸಿದ ನ್ಯಾಯಮೂರ್ತಿ ಕೆ.ಎನ್. ವಾಂಛೂ ಸಮಿತಿಯು ತನ್ನ 1971ರ ವರದಿಯಲ್ಲಿ ಮಿತಿಮೀರಿದ ದರಗಳನ್ನೇ ತೆರಿಗೆಗಳ್ಳತನದ ಪ್ರಮುಖ ಕಾರಣವೆಂದು ಗುರುತಿಸಿ, ಗರಿಷ್ಠ ದರವನ್ನು ಶೇ. 75ಕ್ಕೆ ಇಳಿಸಲು ಶಿಫಾರಸು ಮಾಡಿತು. 1974ರಲ್ಲಿ ದರ ಶೇ. 77ಕ್ಕೆ, 1976ರಲ್ಲಿ ಶೇ. 66ಕ್ಕೆ ಇಳಿಯಿತು.

ಜನರ ದೃಷ್ಟಿ ಬದಲಾದದ್ದು ಇಲ್ಲಿಂದಲೇ. ತೆರಿಗೆಯು ಶ್ರೀಮಂತರನ್ನು ಮುಟ್ಟುವುದಿಲ್ಲ, ಸಂಬಳದಾರರನ್ನು ಮಾತ್ರ ಹಿಡಿಯುತ್ತದೆ ಎಂಬ ಭಾವನೆ ಬೇರೂರಿತು. 1985ರಲ್ಲಿ ವಿ.ಪಿ. ಸಿಂಗ್ ಅವರು ಎಸ್ಟೇಟ್ ಸುಂಕವನ್ನು ರದ್ದುಪಡಿಸಿದಾಗ ಮುಂದಿಟ್ಟ ಕಾರಣಗಳು ತತ್ತ್ವಕ್ಕೆ ಸಂಬಂಧಿಸಿದವಲ್ಲ: ಅದರ ಹುಟ್ಟುವಳಿ ಸುಮಾರು 20 ಕೋಟಿ ರೂಪಾಯಿ ಮಾತ್ರ, ಆಡಳಿತದ ವೆಚ್ಚ ಹೋಲಿಕೆಯಲ್ಲಿ ಅಧಿಕ, ಸಂಪತ್ತಿನ ಅಸಮಾನತೆಯೂ ಅದರಿಂದ ತಗ್ಗಲಿಲ್ಲ. ಅದೇ ವರ್ಷ ಆದಾಯ ತೆರಿಗೆಯ ಗರಿಷ್ಠ ದರ ಶೇ. 50ಕ್ಕೆ ಇಳಿಯಿತು.

ಕೃಷಿ ಸಂಪತ್ತು ಮತ್ತು ಕರ್ನಾಟಕ

ಕೃಷಿ ಆದಾಯದ ಮೇಲೆ ತೆರಿಗೆ ವಿಧಿಸುವ ಅಧಿಕಾರ ಸಂವಿಧಾನದ ಪ್ರಕಾರ ರಾಜ್ಯಗಳದ್ದು. ಕರ್ನಾಟಕದಲ್ಲಿ 1957ರ ಕೃಷಿ ಆದಾಯ ತೆರಿಗೆ ಕಾಯಿದೆಯು ಮುಖ್ಯವಾಗಿ ಮಲೆನಾಡು, ಕೊಡಗುಗಳ ತೋಟದ ಬೆಳೆಗಳನ್ನು ಮುಟ್ಟಿತು. ಹಿಡುವಳಿಯನ್ನು ಆಧರಿಸಿದ ತೆರಿಗೆಯನ್ನು 1972ರಲ್ಲಿ ಕೆ.ಎನ್. ರಾಜ್ ಸಮಿತಿ ಸೂಚಿಸಿದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಇದಕ್ಕೆ ಬದಲಾಗಿ ಈ ನಾಡಿನಲ್ಲಿ ಸಮಾನತೆಯ ಬೇಡಿಕೆ ಭೂಸುಧಾರಣೆಯ ಮಾರ್ಗ ಹಿಡಿಯಿತು. ಡಿ. ದೇವರಾಜ ಅರಸು ಅವರ ಕಾಲದಲ್ಲಿ, 1974ರಿಂದ ಜಾರಿಗೆ ಬಂದ ತಿದ್ದುಪಡಿಯು ಗೇಣಿದಾರನಿಗೆ ಉಳುವ ಭೂಮಿಯ ಒಡೆತನವನ್ನು ಕೊಡಲು ಮುಂದಾಯಿತು. ತೆರಿಗೆಯ ಫಲ ಸರ್ಕಾರದ ಬೊಕ್ಕಸಕ್ಕೆ ಸೇರಿ ಕಣ್ಮರೆಯಾಗುತ್ತದೆ, ಭೂಮಿಯ ಫಲ ಉಳುವವನ ಪಹಣಿಯಲ್ಲಿ ಕಾಣುತ್ತದೆ. ಒಂದಕ್ಕೆ ದೊರೆತ ಜನಬೆಂಬಲ ಇನ್ನೊಂದಕ್ಕೆ ದೊರೆಯದಿರಲು ಈ ವ್ಯತ್ಯಾಸವೂ ಒಂದು ಕಾರಣವೆನ್ನಬಹುದು.

ಉದಾರೀಕರಣದ ನಂತರ

1991ರ ತರುವಾಯ ಶ್ರೀಮಂತನ ಚಿತ್ರವೇ ಬದಲಾಯಿತು. ಜಮೀನ್ದಾರ, ಕಾಳಸಂತೆಕೋರರ ಸ್ಥಾನದಲ್ಲಿ ಸಂಪತ್ತಿನ ಸೃಷ್ಟಿಕರ್ತ ಬಂದು ನಿಂತ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಈ ಚಿತ್ರಕ್ಕೆ ಪುಷ್ಟಿ ನೀಡಿತು. ಅಲ್ಲಿನ ಸಂಪತ್ತು ಪಿತ್ರಾರ್ಜಿತವಲ್ಲ, ಸ್ವಯಾರ್ಜಿತ ಎಂಬ ಭಾವನೆ ಬೆಳೆಯಿತು. ಆ ಉದ್ಯಮದ ರಫ್ತು ಲಾಭಕ್ಕೆ 2011ರವರೆಗೆ ದೊರೆತ ತೆರಿಗೆ ವಿನಾಯಿತಿ ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ. 1993ರಿಂದ ಷೇರುಗಳಂತಹ ಉತ್ಪಾದಕ ಸ್ವತ್ತುಗಳು ಸಂಪತ್ತು ತೆರಿಗೆಯಿಂದ ಹೊರಗುಳಿದವು. 1997ರಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಶೇ. 30ಕ್ಕೆ ಇಳಿಯಿತು, 1998ರಲ್ಲಿ ಕೊಡುಗೆ ತೆರಿಗೆ ಕೊನೆಗೊಂಡಿತು. ಕಡ್ಡಾಯದ ಬದಲು ಔದಾರ್ಯಕ್ಕೆ ಮನ್ನಣೆ ಹೆಚ್ಚಿತು. 2013ರಲ್ಲಿ ಅಜೀಂ ಪ್ರೇಂಜಿ ತಮ್ಮ ಸಂಪತ್ತಿನ ಬಹುಭಾಗವನ್ನು ದಾನ ಮಾಡುವ ಜಾಗತಿಕ ಪ್ರತಿಜ್ಞೆಗೆ ಸೇರಿದುದು ಇದರ ಪ್ರಸಿದ್ಧ ನಿದರ್ಶನ.

2013–14ರಲ್ಲಿ ಸಂಪತ್ತು ತೆರಿಗೆಯಿಂದ ಬಂದದ್ದು 1,008 ಕೋಟಿ ರೂಪಾಯಿ. 2015ರ ಆಯವ್ಯಯದಲ್ಲಿ ಅರುಣ್ ಜೇಟ್ಲಿ ಅದನ್ನು ಕೈಬಿಟ್ಟು, ಒಂದು ಕೋಟಿ ರೂಪಾಯಿಗೂ ಮೀರಿದ ಆದಾಯಕ್ಕೆ ಶೇ. 2ರ ಹೆಚ್ಚುವರಿ ಸರ್ಚಾರ್ಜ್ ವಿಧಿಸಿದರು. ನಿರೀಕ್ಷಿತ ಹುಟ್ಟುವಳಿ ಸುಮಾರು 9,000 ಕೋಟಿ ರೂಪಾಯಿ. ಐದು ಕೋಟಿ ಮೀರಿದ ಆದಾಯಕ್ಕೆ ಸರ್ಚಾರ್ಜ್ 2019ರಲ್ಲಿ ಶೇ. 37ಕ್ಕೆ ಏರಿ, 2023ರಲ್ಲಿ ಹೊಸ ತೆರಿಗೆ ಪದ್ಧತಿಯಡಿ ಶೇ. 25ಕ್ಕೆ ಇಳಿಯಿತು. ಹೀಗೆ ಗುರಿಯು ಕೂಡಿಟ್ಟ ಸಂಪತ್ತಿನಿಂದ ವರ್ಷದ ಆದಾಯಕ್ಕೆ ಪಲ್ಲಟಗೊಂಡಿತು.

ಸಮಾರೋಪ

ವಿಶ್ವ ಅಸಮಾನತೆ ಪ್ರಯೋಗಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2022–23ರಲ್ಲಿ ದೇಶದ ಸಂಪತ್ತಿನ ಶೇ. 40.1ರಷ್ಟು ಭಾಗ ಮೇಲಿನ ಶೇ. 1ರಷ್ಟು ಜನರಲ್ಲಿತ್ತು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ವಾರಸಾ ತೆರಿಗೆಯ ಪ್ರಸ್ತಾಪ ಬಂದಾಗ ಒಂದು ಪಕ್ಷ ಅದನ್ನು ಉಗ್ರವಾಗಿ ಖಂಡಿಸಿತು, ಇನ್ನೊಂದು ಪಕ್ಷ ಅದು ತನ್ನ ನೀತಿಯಲ್ಲವೆಂದು ದೂರ ಸರಿಯಿತು. ಕೋಟ್ಯಧಿಪತಿಗಳನ್ನು ಕುರಿತ ಚರ್ಚೆ ಸಾಮಾನ್ಯ ಕುಟುಂಬದ ಮನೆ, ಒಡವೆಗಳನ್ನು ಕುರಿತ ಆತಂಕವಾಗಿ ಮಾರ್ಪಟ್ಟಿತು.

ಇದರಿಂದ ತಿಳಿದುಬರುವುದೇನೆಂದರೆ, ಅಸಮಾನತೆಯನ್ನು ಜನ ಒಪ್ಪಿಕೊಂಡದ್ದರಿಂದ ಮಾತ್ರ ಈ ತೆರಿಗೆಗಳು ಅಳಿಯಲಿಲ್ಲ. ಹೆಚ್ಚಿನ ದರ, ಕಿರಿದಾದ ವ್ಯಾಪ್ತಿ, ದುರ್ಬಲ ವಸೂಲಿ – ಈ ಮೂರೂ ಸೇರಿ ಅವುಗಳ ಮೇಲಣ ವಿಶ್ವಾಸವನ್ನು ಸವೆಸಿದವು. ತೆರಿಗೆ ಯಾರ ಮೇಲೆ ಬೀಳುತ್ತದೆ, ಯಾರ ಮೇಲೆ ಬೀಳುವುದಿಲ್ಲ ಎಂಬುದು ಸ್ಪಷ್ಟವಾಗದ ಹೊರತು ಆ ವಿಶ್ವಾಸ ಮರಳುವುದು ಕಷ್ಟ. 1956ರಲ್ಲಿ ಅರ್ಧಕ್ಕೆ ಕೈಬಿಟ್ಟ ಕಾಲ್ಡರ್ ಅವರ ಪಾಠವೂ ಇದೇ ಆಗಿತ್ತು.