ಮರದಲ್ಲಿ ಅಡಗಿದ ರಾಜ, ಅಂಚಿನಲ್ಲಿ ಕುಂಬಾರನ ಹೆಸರು

ರಾಜನ ಚಿತ್ರ ಅಂದ್ರೆ ಸಿಂಹಾಸನ, ಕುದುರೆ, ಕತ್ತಿ ಇರಬೇಕು ಅಂತ ನಮ್ಮ ಲೆಕ್ಕ. ಆದರೆ 17ನೇ ಶತಮಾನದ ಇಂಗ್ಲೆಂಡಿನ ಕೆಲವು ದೊಡ್ಡ ಮಣ್ಣಿನ ತಟ್ಟೆಗಳ ಮೇಲೆ ರಾಜ ಓಕ್ ಮರದಲ್ಲಿ ಅಡಗಿದ್ದಾನೆ. ಎಲೆಗಳ ನಡುವೆ ಮುಖ, ಆಚೀಚೆ ಸಿಂಹ ಮತ್ತು ಯುನಿಕಾರ್ನ್. ಅಂಚಿನಲ್ಲಿ ದಪ್ಪಕ್ಷರದಲ್ಲಿ ಬರೆದಿರುವುದು ರಾಜನ ಹೆಸರಲ್ಲ, ಸ್ಟಾಫರ್ಡ್‌ಶೈರಿನ ಕುಂಬಾರ ಥಾಮಸ್ ಟಾಫ್ಟ್‌ನ ಹೆಸರು.

ರಾಜ ಮರ ಹತ್ತಿದ್ದೇಕೆ? 1649ರ ಜನವರಿ 30ರಂದು ಒಂದನೇ ಚಾರ್ಲ್ಸ್‌ನ ಶಿರಚ್ಛೇದವಾಯಿತು. ಮಗ ಎರಡನೇ ಚಾರ್ಲ್ಸ್ 1651ರ ಸೆಪ್ಟೆಂಬರ್ 3ರಂದು ವೂಸ್ಟರ್ ಯುದ್ಧದಲ್ಲಿ ಕ್ರಾಮ್‌ವೆಲ್ ಸೇನೆಗೆ ಸೋತು ಓಡಿದ. ಹುಡುಕುತ್ತಿದ್ದ ಸೈನಿಕರಿಂದ ತಪ್ಪಿಸಿಕೊಳ್ಳಲು ಬಾಸ್ಕೊಬೆಲ್ ಎಂಬಲ್ಲಿ ಓಕ್ ಮರದ ಮೇಲೆ ಒಂದು ಹಗಲು ಕಳೆದ. ಮೇಜರ್ ವಿಲಿಯಂ ಕೇರ್‌ಲೆಸ್ ಜೊತೆಗಿದ್ದ. ಪೆಂಡರೆಲ್ ಎಂಬ ಸಾಮಾನ್ಯ ಕುಟುಂಬದ ಸೋದರರು ಅವನನ್ನು ಬಚ್ಚಿಟ್ಟು ಕಾಪಾಡಿದರು. ಹಿಡಿದುಕೊಟ್ಟವರಿಗೆ 1,000 ಪೌಂಡ್ ಬಹುಮಾನ ಘೋಷಣೆಯಾದರೂ ಅವನು ಫ್ರಾನ್ಸ್ ತಲುಪಿದ. 1660ರ ಮೇ 29ರಂದು, ತನ್ನ 30ನೇ ಹುಟ್ಟುಹಬ್ಬದ ದಿನವೇ, ರಾಜನಾಗಿ ಲಂಡನ್ ಪ್ರವೇಶಿಸಿದ. ಆ ದಿನವನ್ನು ಕೃತಜ್ಞತೆಯ ದಿನವೆಂದು ಆಚರಿಸುವ ಕಾನೂನು ಬಂತು. ಅದು ರದ್ದಾಗಿದ್ದು 1859ರಲ್ಲಿ.

ಈಗ ತಟ್ಟೆಗೆ ಬರೋಣ. ಸ್ಲಿಪ್ ಅಂದ್ರೆ ನೀರಲ್ಲಿ ಕಲಸಿದ ತೆಳು ಜೇಡಿಮಣ್ಣು. ಕೆಂಪು ಮಣ್ಣಿನ ತಟ್ಟೆಗೆ ಮೊದಲು ಬಿಳಿ ಸ್ಲಿಪ್ ಬಳಿಯುತ್ತಿದ್ದರು. ಅದರ ಮೇಲೆ ಸಣ್ಣ ಮೂತಿಯ ಪಾತ್ರೆಯಿಂದ, ನಮ್ಮಲ್ಲಿ ಮೆಹಂದಿ ಕೋನ್ ಹಿಡಿದಂತೆ, ಕಡುಕಂದು ಗೆರೆ ಎಳೆದು, ನಡುವೆ ಕೆಂಗಂದು ತುಂಬಿ, ಗೆರೆಯುದ್ದಕ್ಕೂ ಬಿಳಿ ಚುಕ್ಕಿ ಇಡುತ್ತಿದ್ದರು. ಸೀಸದ ಹೊಳಪು ಕೊಟ್ಟು ಸುಟ್ಟಾಗ ಬಿಳಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹರಿಯುವ ಮಣ್ಣಿನಲ್ಲಿ ಎಳೆದ ಗೆರೆಯನ್ನು ತಿದ್ದುವುದು ಕಷ್ಟ, ಕೈ ಬೇಗ ಓಡಬೇಕು. ಹಾಗಾಗಿ ಆಸ್ಥಾನ ಚಿತ್ರಕಾರ ಪೀಟರ್ ಲೆಲಿ ಬರೆದ ರೇಷ್ಮೆ ಉಡುಪಿನ ಚಾರ್ಲ್ಸ್ ಇಲ್ಲಿಲ್ಲ. ಇಲ್ಲಿರುವುದು ಗೊಂಬೆಮುಖದ ರಾಜ.

ಇದನ್ನೆಲ್ಲ ಪ್ರಜೆಗಳ ರಾಜಭಕ್ತಿ ಅಂತ ಒಂದೇ ಮಾತಲ್ಲಿ ಮುಗಿಸುವುದನ್ನು ನಾನು ಒಪ್ಪಲಾರೆ. ಇದೇ ಕುಂಬಾರರು ಇದೇ ಕೈಚಳಕದಲ್ಲಿ ಮತ್ಸ್ಯಕನ್ಯೆಯನ್ನೂ ಪೆಲಿಕನ್ ಹಕ್ಕಿಯನ್ನೂ ಬರೆದರು. ರಾಜನೂ ಮಾರಾಟವಾಗುವ ಚಿತ್ರಗಳಲ್ಲಿ ಒಂದಾಗಿದ್ದ. ಊಟಕ್ಕಿಂತ ಹೆಚ್ಚಾಗಿ ಪ್ರದರ್ಶನಕ್ಕೆ ಇಡುವ ಇಂಥ ತಟ್ಟೆ, ಅಂತರ್ಯುದ್ಧ ಕಂಡ ದೇಶದಲ್ಲಿ, ಮನೆಯವರು ಯಾವ ಕಡೆ ಅನ್ನೋದನ್ನು ಬಂದವರಿಗೆ ಬಾಯಿಬಿಡದೆ ಹೇಳುತ್ತಿತ್ತು.

ನನಗೆ ಮುಖ್ಯ ಅನ್ನಿಸೋದು ಇನ್ನೊಂದು. ಓಕ್ ಮರದ ಘಟನೆ ಅಸಲಿಗೆ ಸೋಲಿನ ಕಥೆ. ಗೆದ್ದು ಬಂದ ಮೇಲೆ ಅದು ಪವಾಡವಾಯಿತು, ಲಾಂಛನವಾಯಿತು. ಇಂಗ್ಲೆಂಡಿನ ಅದೆಷ್ಟೋ ಪಬ್‌ಗಳಿಗೆ ಇವತ್ತಿಗೂ 'ರಾಯಲ್ ಓಕ್' ಅಂತಲೇ ಹೆಸರು. ತಟ್ಟೆಯ ಮೇಲೆ ಸೋತ ಸೈನ್ಯವಿಲ್ಲ, ಬಚ್ಚಿಟ್ಟ ಪೆಂಡರೆಲ್ ಸೋದರರಿಲ್ಲ. ಕಾಯಲು ಸಿಂಹ, ಯುನಿಕಾರ್ನ್ ಬಂದಿವೆ. ಅಧಿಕಾರ ತನ್ನ ಕಷ್ಟಕಾಲವನ್ನು ನೆನೆಯುವಾಗ ನೆರವಾದ ಸಾಮಾನ್ಯರು ಹೀಗೇ ಚಿತ್ರದಿಂದ ಜಾರಿಬಿಡುತ್ತಾರೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿ ಇವತ್ತು ಈ ತಟ್ಟೆಗಳನ್ನು ಗುರುತಿಸುವುದು ಮಾತ್ರ ಟಾಫ್ಟ್‌ನ ಹೆಸರಿನಿಂದಲೇ. 1689ರಲ್ಲಿ ತೀರಿಕೊಂಡ ಆ ಕುಂಬಾರ ತನ್ನ ಪಾಲನ್ನು ತಾನೇ ಬರೆದಿಟ್ಟುಕೊಂಡಿದ್ದ.